ಕಣ್ಣು ಹಳದಿ ಕಂಡ್ರ ಎಲ್ಲಿ ನೋಡ್ಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ಚಿಂಚೋಳಿ ತಾಲ್ಲೂಕಿನ ಒಂದು ಪಿಎಚ್‌ಸಿಗೆ ಹೊಸದಾಗಿ ಬಂದೀನಿ. ಹೋದ ವಾರ ಒಬ್ಬ ವಯಸ್ಸಾದ ರೈತರ ಕಣ್ಣು ಹಳದಿ ಕಂಡವು ಅಂತ ಜಾಂಡಿಸ್ (ಕಾಮಣಿ) ಇರಬಹುದು ಅಂತ ಬರದೆ. ಡಾಕ್ಟರ್ ನೋಡಿ, "ಇದು ಬಿಸಲಿನ ಬಣ್ಣ ಸಿಸ್ಟರ್" ಅಂದ್ರು. ರಕ್ತ ಪರೀಕ್ಷಾದಾಗ ಬಿಲಿರುಬಿನ್ (ಕಾಮಣಿಯೊಳಗ ಹೆಚ್ಚಾಗೋ ಹಳದಿ ವಸ್ತು) ನಾರ್ಮಲ್ ಬಂತು. ನಾ ಎಲ್ಲಿ ತಪ್ಪಿದೆ?

ಉತ್ತರ (ಹಿರಿಯ ನರ್ಸಿಂಗ್ ಆಫೀಸರ್, ಕಲಬುರಗಿ): ನೋಡಿದ ಜಾಗ ತಪ್ಪು ಅದ, ಸಿಸ್ಟರ್. ಹೊಲದಾಗ ದುಡಿಯೋರ ಕಣ್ಣಿನ ಬಿಳಿಭಾಗ ನಮ್ಮ ಬಿಸಲು, ಧೂಳಿಗೆ ಮಾಸಿ ಕಂದು ತಿರುಗಿರ್ತದ. ಮೂಗಿನ ಕಡಿ ಹಳದಿ ಗಂಟಿನಂಥದ್ದು ಬೆಳೆದಿದ್ರಂತೂ ಯಾರಾದರೂ ಮೋಸ ಹೋಗ್ತಾರ. "ಯಜಮಾನ್ರ, ಕಾಲ ಕಡಿ ನೋಡ್ರಿ" ಅಂತ ಹೇಳಿ ಮ್ಯಾಲಿನ ರೆಪ್ಪಿ ಎತ್ರಿ. ಬಿಸಲು ಬೀಳದ ಆ ಭಾಗ ಬೆಳ್ಳಗಿದ್ರ ಅದು ಬಿಸಲಿನ ಬಣ್ಣ. ಅಲ್ಲಿಯೂ ಒಂದೇ ಸಮ ಅರಿಶಿಣ ಕಂಡ್ರ ಕಾಮಣಿ. ಕಿಟಕಿ ಹತ್ರ ಹಗಲ ಬೆಳಕಿನ್ಯಾಗ ನೋಡ್ರಿ. ಹಳದಿ ಬಲ್ಬಿನ ಕೆಳಗ ನಿಂತ್ರ ನನಗೂ ಕಾಮಣಿ! ಬಿಲಿರುಬಿನ್ ಡೆಸಿಲೀಟರಿಗೆ 2–3 ಮಿ.ಗ್ರಾಂ ಆಗೋತನಕ ಕಣ್ಣಿನ್ಯಾಗ ಗೊತ್ತಾಗಂಗಿಲ್ಲ, ಅದಕ್ಕ ಮೂತ್ರದ ಬಣ್ಣನೂ ಕೇಳ್ರಿ.

ಹಂಗೇ ಕೆಳಗಿನ ರೆಪ್ಪಿ ಜಗ್ಗಿ ನೋಡ್ರಿ. ಮುಂದಿನ ಅಂಚು ಹಿಂದಿನಕ್ಕಿಂತ ಕೆಂಪಿರಬೇಕು. ಎರಡೂ ಒಂದೇ ತರ ಬಿಳಚಿಕೊಂಡಿದ್ರ ರಕ್ತ ಕಡಿಮಿ ಇರಬಹುದು, ಎಚ್‌ಬಿ (ಹಿಮೋಗ್ಲೋಬಿನ್) ಪರೀಕ್ಷಾಕ್ಕ ಕಳಸ್ರಿ.

ಮತ್ತೊಬ್ಬರ ಪ್ರಶ್ನೆ: ಮೇಡಂ, ಟಾರ್ಚ್ ಬಿಟ್ಟು ಪಾಪೆ ನೋಡೋದು ತಲಿಗೆ ಪೆಟ್ಟಾದವರಿಗೆ ಮಾತ್ರ ಅಲ್ಲೇನ್ರಿ?

ಉತ್ತರ: ಅಲ್ರಿ. ತೊಗರಿ ಹೂ ಬಿಡೋ ಹೊತ್ತಿಗೆ ಬೆಳಿಗೆ ಕೀಟನಾಶಕದ ಎಣ್ಣಿ ಹೊಡಿಯೋರು "ಚಕ್ಕರ್ ಬಂತು" ಅಂತ ಬರ್ತಾರ. ನಾನೂ ಒಮ್ಮೆ ಬಿಸಲಿನ ಹೊಡೆತ ಅಂದ್ಕೊಂಡು ಓಆರ್‌ಎಸ್ ತರಾಕ ಹೊಂಟಿದ್ದೆ. ಮೈಯೆಲ್ಲಾ ಬೆವರು, ಬಾಯಾಗ ಜೊಲ್ಲು, ಕಣ್ಣಾಗ ನೀರು. ಟಾರ್ಚ್ ಬಿಟ್ರ ಎರಡೂ ಪಾಪೆ ಸೂಜಿಮೊನಿಯಷ್ಟು! ಅದು ಕೀಟನಾಶಕದ ವಿಷ. ಅಂಥವರನ್ನ ಕಂಡ ಕೂಡಲೇ ಡಾಕ್ಟರ್‌ನ ಕರೀರಿ, ಅಟ್ರೋಪಿನ್ (ಈ ವಿಷಕ್ಕ ಕೊಡೋ ಇಂಜೆಕ್ಷನ್) ತಯಾರಿಡ್ರಿ. ಗ್ಲೌಸ್ ಹಾಕ್ಕೊಂಡು ಬಟ್ಟಿ ತಗದು, ಸೋಪು ನೀರಿನ್ಯಾಗ ಮೈ, ತಲಿ ತೊಳೀರಿ. ಬಟ್ಟಿ ಹಂಗೇ ಬಿಟ್ರ ವಿಷ ಚರ್ಮದಿಂದ ಇಳೀತಾನೇ ಇರ್ತದ.

ಇನ್ನೊಂದು ಅದ. ನೆಲದ ಮ್ಯಾಲ ಮಲಗಿದವರು ಮುಂಜಾನಿ ಹೊಟ್ಟಿನೋವು ಅಂತ ಎದ್ದು ಬಂದಾಗ ಎರಡೂ ರೆಪ್ಪಿ ಜೋತು ಬಿದ್ದಿದ್ರ, ಕಚ್ಚಿದ ಗುರುತು ಸಿಗದಿದ್ರೂ ಕಟ್ಟುಹಾವು (ವಿಷದ ಹಾವು) ಕಚ್ಚಿರಬಹುದು ಅಂತ ಡಾಕ್ಟರ್‌ಗೆ ಹೇಳ್ರಿ. ಉಸಿರಾಟ ನೋಡ್ಕೋತ, ವೆಂಟಿಲೇಟರ್ ಇರೋ ಕಡಿ ಕಳಸೋ ತಯಾರಿ ಮಾಡ್ರಿ.