ಊರಿನ ಹಲಸು, ಅಪ್ಪೆಮಿಡಿ ತೋಟ ಮಾಡೋದಾದರೆ ಯಾವ ಮರದ ಕಸಿ ಹಾಕಬೇಕು?

ಕೇಳಿದ್ದು: ಸಾಗರದ ಹತ್ತಿರ, ಅಡಿಕೆ ತೋಟದ ಮೇಲ್ಗಡೆ ಒಂದು ಎಕರೆ ಖುಷ್ಕಿ ಜಾಗ ಇದೆ. ಊರಿನ ಹಣ್ಣಿನ ಗಿಡಗಳನ್ನೇ ಹಾಕುವ ಆಸೆ. ಹಲಸು, ಮತ್ತೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ ಅಪ್ಪೆಮಿಡಿ ಮನಸ್ಸಿನಲ್ಲಿದೆ. ಹೇಗೆ ಆರಿಸೋದು? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಹಲಸು ಬೀಜದಿಂದ ತಾಯಿಮರದ ಹಾಗೇ ಬರುವುದಿಲ್ಲ, ಹಾಗಾಗಿ ಕಸಿ ಗಿಡವೇ ಹಾಕಿ. ನಮ್ಮ ಮಲೆನಾಡಲ್ಲಿ ಮೊದಲು ನೋಡಬೇಕಾದದ್ದು ಮರ ಯಾವಾಗ ಹಣ್ಣಾಗುತ್ತದೆ ಅನ್ನೋದು. ಜೂನ್ ಮಳೆ ಹಿಡಿದ ಮೇಲೆ ಹಣ್ಣಾದರೆ ತೊಳೆ ನೀರು ನೀರು, ಸಿಹಿಯೇ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ಹಣ್ಣಾಗುವ ಒಳ್ಳೆ ಮರ ಸಿಕ್ಕರೆ ಬಿಡಲೇಬೇಡಿ. ಕಡುಬಿಗೆ ಅಂಬಲಿ, ಅಂದರೆ ಮೆತ್ತನೆ ತೊಳೆಯ ಹಲಸು ಚೆನ್ನ, ಆದರೆ ಪೇಟೆಗೆ ಸಾಗಿಸೋಕೆ ಆಗೋದಿಲ್ಲ. ಮಾರಾಟಕ್ಕೆ ಗಟ್ಟಿ ತೊಳೆಯ ಬಕ್ಕೆಯೇ ಸರಿ. ಹಣ್ಣು ಚಿಕ್ಕದಿದ್ದಷ್ಟೂ ಒಳ್ಳೆಯದು. ಹದಿನೈದು ಕಿಲೋ ಹಣ್ಣು ಕೊಂಡು ಬಿಡಿಸೋಕೆ ಈಗ ಮನೆಯಲ್ಲಿ ಜನ ಎಲ್ಲಿದ್ದಾರೆ? ಒಂದೇ ವರ್ಷ ತಿಂದು ನಿರ್ಧಾರ ಮಾಡಬೇಡಿ, ಎರಡು ಮೂರು ಸೀಸನ್ ರುಚಿ ನೋಡಿ.

26 ಅಡಿ ಅಂತರಕ್ಕೆ ಎಕರೆಗೆ 64 ಗಿಡ ಹಿಡಿಯುತ್ತದೆ. ನೀರು ನಿಲ್ಲುವ ಜಾಗ ಬೇಡ. ಕಸಿ ಗಂಟು ಮಣ್ಣಿನ ಮೇಲಿರಲಿ. ಅದರ ಕೆಳಗೆ ಬಂದ ಚಿಗುರು ಚಿವುಟುತ್ತಾ ಇರಿ, ಬಿಟ್ಟರೆ ಅದೇ ಮರವಾಗುತ್ತದೆ.

ಗುಬ್ಬಿಯಿಂದ:
ನಮ್ಮ ಚೇಳೂರಿನ ಸಿದ್ದು ಹಲಸು ಕೇಳಿರುತ್ತೀರಿ. ತುಮಕೂರು ಹತ್ತಿರದ ಹಿರೇಹಳ್ಳಿ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಗುರುತಿಸಿದ ತಳಿ. ಹಣ್ಣು ಸುಮಾರು ಎರಡೂವರೆ ಕಿಲೋ, ತೊಳೆ ತಾಮ್ರದ ಬಣ್ಣ. ತುಂಬಾ ಒಳ್ಳೆಯ ಹಣ್ಣು. ಆದರೆ ಇದು ಕಡಿಮೆ ಮಳೆಯ ಊರಿನ ಮರ. ನಿಮ್ಮ ಕಡೆ ಬೆಳೆದ ಮರದ ಹಣ್ಣು ತಿಂದು ನೋಡದೆ ಇಡೀ ಎಕರೆಗೆ ಹಾಕಬೇಡಿ. ನಾಲ್ಕೈದು ಗಿಡ ಸಾಕು.

ಶಿರಸಿಯಿಂದ:
ಅಪ್ಪೆಮಿಡಿಯಲ್ಲಿ ಹೆಸರು ನಂಬಿ ಗಿಡ ತರಬೇಡಿ. ಜೀರಿಗೆ ಅಪ್ಪೆ ಅಂತ ಹೇಳಿ ಏನನ್ನೋ ಕೊಡುತ್ತಾರೆ. ಮರದ ಬುಡಕ್ಕೇ ಹೋಗಿ. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ನೋಡಿ, ಘಮ ಗಪ್ಪನೆ ಮೂಗಿಗೆ ಹೊಡೆಯಬೇಕು. ಪರಿಮಳ ಇದ್ದರೆ ಸಾಲದು. ಒಂದು ಸೇರು ಮಿಡಿ ತಂದು ಉಪ್ಪಿಗೆ ಹಾಕಿ, ಮುಂದಿನ ವರ್ಷ ಕಚ್ಚಿ ನೋಡಿ. ಕರುಂ ಅಂದರೆ ಆ ಮರದ ಕಸಿ ಮಾಡಿಸಿ, ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಎಷ್ಟು ವರ್ಷಕ್ಕೊಮ್ಮೆ ಕಾಯಿ ಕಚ್ಚುತ್ತದೆ ಅಂತ ಮರದ ಮನೆಯವರನ್ನು ಕೇಳಿ, ವರ್ಷ ಬಿಟ್ಟು ವರ್ಷ ಬಿಡುವ ಮರಗಳೇ ಜಾಸ್ತಿ. ಅದಕ್ಕೇ ಒಂದೇ ಮರದ ಕಸಿ ತೋಟ ತುಂಬಾ ಬೇಡ. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಹೀಗೆ ನಾಲ್ಕೈದು ಬಗೆ ಇರಲಿ. ಎಳೆಯದರಲ್ಲೇ ತುದಿ ಕತ್ತರಿಸಿ ಗಿಡ ಗಿಡ್ಡ ಮಾಡಿಕೊಳ್ಳಿ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಕೊಳೆಯುತ್ತದೆ, ಎತ್ತರದ ಮರದಿಂದ ಜೋಪಾನವಾಗಿ ಇಳಿಸುವವರೂ ಈಗ ಸಿಗುವುದಿಲ್ಲ ಅಲ್ವಾ.

ಕುಮಟಾದಿಂದ:
ಬದುವಿಗೆ ಮುರುಗಲೂ (ಪುನರ್ಪುಳಿ, ಕೋಕಂ) ಹಾಕಿ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ಹಾಕಿದರೆ ಹೂ ಬರುವವರೆಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಸಿ ತನ್ನಿ, ಜೊತೆಗೆ ಒಂದೆರಡು ಗಂಡು ಗಿಡ ಇರಲಿ. ಕಸಿ ಕಡ್ಡಿ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರಿನದೇ ಆಗಬೇಕು. ಪಕ್ಕದ ಕೊಂಬೆಯದಾದರೆ ಗಿಡ ಅಡ್ಡಡ್ಡ ಹರಡಿಕೊಳ್ಳುತ್ತದೆ.