ಬಾಲ್ಡರ್ಸ್ ಗೇಟ್ 3: ಹೇಸ್ಟ್ ಹಾಕಿದರೆ ನಾಲ್ಕು ಏಟು. ಬಗ್ ಎಂದು ವರದಿ ಮಾಡಲೇ?

ಗುಬ್ಬಿಯೋಧ:
ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಸಾಹಸದಾಟದ ಐದನೇ ಆವೃತ್ತಿಯನ್ನು ಗೆಳೆಯರ ಜೊತೆ ಮೇಜಿನ ಮೇಲೆ ಆಡಿ ಅಭ್ಯಾಸ. ಅದೇ ನಿಯಮಗಳ ಮೇಲೆ ಕಟ್ಟಿದ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್‌ನಲ್ಲಿ ಐದನೇ ಲೆವೆಲ್‌ನ ಫೈಟರ್‌ಗೆ (ಯೋಧನ ಪಾತ್ರಕ್ಕೆ) ವೇಗ ಹೆಚ್ಚಿಸುವ ಹೇಸ್ಟ್ ಮಂತ್ರ ಹಾಕಿದರೆ ಒಂದೇ ಸರದಿಯಲ್ಲಿ ನಾಲ್ಕು ಏಟು ಹೊಡೆಯುತ್ತಾನೆ. ನಿಯಮಪುಸ್ತಕದ ಲೆಕ್ಕದಲ್ಲಿ ಮೂರೇ ಬರಬೇಕು: ಒಂದೇ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕೆಲಸದಲ್ಲಿ) ಎರಡು ಸಲ ಹೊಡೆಯಲು ಬಿಡುವ ಎಕ್ಸ್‌ಟ್ರಾ ಅಟ್ಯಾಕ್‌ನಿಂದ ಎರಡು, ಹೇಸ್ಟ್ ಕೊಡುವ ಹೆಚ್ಚುವರಿ ಆ್ಯಕ್ಷನ್‌ನಿಂದ ಒಂದು. ಇನ್ನೊಂದು ವಿಚಿತ್ರವೂ ಇದೆ. ಬೀಗ ತೆರೆಯಲು ಒಟ್ಟು 10 ಸಾಕಿತ್ತು, ರೋಗ್‌ಗೆ (ಕಳ್ಳನ ಪಾತ್ರಕ್ಕೆ) ದಾಳದ ಮೇಲೆ ಕೂಡಲು +9 ಇತ್ತು. ಇಪ್ಪತ್ತು ಮುಖದ ದಾಳದಲ್ಲಿ 1 ಬಿತ್ತು. ಒಟ್ಟು 10 ಆದರೂ ಸೋಲು! ಮಾಡ್‌ಗಳನ್ನು (ಆಟಗಾರರು ಮಾಡಿದ ಮಾರ್ಪಾಡುಗಳನ್ನು) ಹಾಕಿಲ್ಲ. ಎರಡನ್ನೂ ವರದಿ ಮಾಡಲೇ?

ಇಪ್ಪತ್ತುಮುಖ:
ಬೇಡ, ಎರಡೂ ಬಗ್ ಅಲ್ಲ.

ಹೇಸ್ಟ್ ವಿಷಯದಲ್ಲಿ ಸಾಕ್ಷಿ ಆಟದೊಳಗೇ ಇದೆ. 2023ರ ನವೆಂಬರ್ ಕೊನೆಯಲ್ಲಿ ಬಂದ ಐದನೇ ಪ್ಯಾಚ್‌ನಲ್ಲಿ (ಅಪ್‌ಡೇಟ್‌ನಲ್ಲಿ) ಆಟ ತಯಾರಿಸಿದ ಲೇರಿಯನ್ ಸಂಸ್ಥೆ ಆನರ್ ಮೋಡ್ ಎಂಬ ಕಠಿಣ ಆಟದ ಬಗೆಯನ್ನು ಸೇರಿಸಿತು. ಅಲ್ಲಿ ಇದೇ ಫೈಟರ್‌ಗೆ ಇದೇ ಮಂತ್ರ ಹಾಕಿ ನೋಡಿ, ಮೂರೇ ಏಟು. ಅಂದರೆ ಪುಸ್ತಕದ ಮಿತಿ ಅವರಿಗೆ ಚೆನ್ನಾಗಿ ಗೊತ್ತಿತ್ತು; ಉಳಿದ ಮೋಡ್‌ಗಳಲ್ಲಿ ಬೇಕೆಂದೇ ಸಡಿಲ ಬಿಟ್ಟಿದ್ದಾರೆ. ನನ್ನ ರುಚಿಗೆ ಇದು ಅತಿಯಾಯಿತು, ಹೇಸ್ಟ್ ಮುಂದೆ ಬೇರೆ ಮಂತ್ರಗಳು ಸಪ್ಪೆಯಾಗುತ್ತವೆ. ಆದರೆ ನನಗೆ ಹಿಡಿಸದ್ದೆಲ್ಲ ಬಗ್ ಆಗುವುದಿಲ್ಲವಲ್ಲ.

ಬೀಗದ್ದು ಇನ್ನೂ ಸರಳ. ಪುಸ್ತಕದಲ್ಲಿ 20 ಬಿದ್ದರೆ ನೇರ ಗೆಲುವು, 1 ಬಿದ್ದರೆ ನೇರ ಸೋಲು ಎಂಬುದು ದಾಳಿಯ ದಾಳಕ್ಕೆ ಮಾತ್ರ. ಈ ಆಟ ಅದನ್ನು ಕೌಶಲದ ಪರೀಕ್ಷೆಗಳಿಗೂ ಹಚ್ಚಿದೆ. ಎಷ್ಟೋ ಮಂದಿ ಮೇಜಿನ ಮೇಲೂ ಹೀಗೆಯೇ ಆಡುತ್ತಾರೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೇ ಎಂಬುದು ಮನೆಯಿಂದ ಮನೆಗೆ ಬದಲಾಗುವಂತೆಯೇ ಇದು.

ಗುಬ್ಬಿಯೋಧ:
ಹಾಗಾದರೆ ಮದ್ದು ಕುಡಿಯುವುದು? ಪುಸ್ತಕದಲ್ಲಿ ಅದಕ್ಕೆ ಪೂರ್ತಿ ಆ್ಯಕ್ಷನ್ ಬೇಕು, ಇಲ್ಲಿ ಸರದಿಯ ಚಿಕ್ಕ ಕೆಲಸವಾದ ಬೋನಸ್ ಆ್ಯಕ್ಷನ್‌ನಲ್ಲೇ ಮುಗಿಯುತ್ತದೆ.

ಇಪ್ಪತ್ತುಮುಖ:
ಯಾವ ಪುಸ್ತಕ? ನಿಮ್ಮ ಕೈಯಲ್ಲಿರುವುದು 2014ರದ್ದು. 2024ರ ಪರಿಷ್ಕೃತ ಪುಸ್ತಕದಲ್ಲಿ ಗಾಯ ಮಾಯಿಸುವ ಮದ್ದಿಗೂ ಬೋನಸ್ ಆ್ಯಕ್ಷನ್ ಸಾಕು. 2023ರಲ್ಲಿ ನಿಯಮಭಂಗ ಎನಿಸಿದ್ದು ಮರುವರ್ಷ ನಿಯಮವೇ ಆಯಿತು! ಹೇಸ್ಟ್‌ಗೆ ಮಾತ್ರ ಹೊಸ ಪುಸ್ತಕದಲ್ಲೂ ಒಂದೇ ಏಟು.

ಆದ್ದರಿಂದ ಆಟವನ್ನು ಪುಸ್ತಕಕ್ಕೆ ಹೋಲಿಸಬೇಡಿ, ಆಟ ತಾನೇ ಹೇಳಿಕೊಂಡಿರುವುದಕ್ಕೆ ಹೋಲಿಸಿ. ಮಂತ್ರದ ಅಥವಾ ಸ್ಥಿತಿಯ ವಿವರಣೆಯಲ್ಲಿ ಒಂದು ಬರೆದು, ಕಾಂಬ್ಯಾಟ್ ಲಾಗ್‌ನಲ್ಲಿ (ಆಟವೇ ಬರೆದಿಡುವ ಕಾದಾಟದ ದಾಖಲೆಯಲ್ಲಿ) ಇನ್ನೊಂದು ನಡೆದಿದ್ದರೆ ಆಗ ಅನುಮಾನಪಡಿ.

ಬಿಲ್ಲುಬಾಣ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎತ್ತರದಿಂದ ಬಾಣ ಬಿಟ್ಟರೆ ದಾಳಿಯ ದಾಳಕ್ಕೆ +2 ಸಿಗಬೇಕು. ನನ್ನ ರೇಂಜರ್‌ಗೆ ಕೆಲವೊಮ್ಮೆ ಸಿಗುವುದಿಲ್ಲ. ಇದನ್ನು ಹೇಗೆ ಪರೀಕ್ಷಿಸಲಿ?

ಇಪ್ಪತ್ತುಮುಖ:
ಈ +2 ಪುಸ್ತಕದಲ್ಲಿಲ್ಲ, ಆಟದವರದೇ ನಿಯಮ. ಹಾಗಾಗಿ ತಪ್ಪಿದರೆ ದೂರುವುದು ನ್ಯಾಯ. ಮೊದಲು ಸೇವ್ ಮಾಡಿ. ಬಾಣ ಬಿಟ್ಟ ಮೇಲೆ ಲಾಗ್ ತೆರೆದು ಆ ದಾಳದ ಸಾಲಿನ ಮೇಲೆ ಮೌಸ್ ಇಡಿ. ಯಾವ ಕಾರಣಕ್ಕೆ ಎಷ್ಟು ಕೂಡಿತು ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಒಂದೆರಡು ಮೆಟ್ಟಿಲಿನ ಎತ್ತರ ಲೆಕ್ಕಕ್ಕೆ ಬರುವುದಿಲ್ಲ. ಮಾಳಿಗೆಯಂಥ ಕಡೆ ನಿಂತು ನೆಲದಲ್ಲಿರುವ ಶತ್ರುವಿಗೆ ಹೊಡೆದಾಗಲೂ ಪಟ್ಟಿಯಲ್ಲಿ ಎತ್ತರದ ಸಾಲು ಇಲ್ಲದಿದ್ದರೆ, ಮಾಡ್‌ಗಳನ್ನು ತೆಗೆದು ಅದೇ ಸೇವ್‌ನಿಂದ ಮತ್ತೆ ನೋಡಿ.

ಅಂದಹಾಗೆ, "ದಾಳ ಯಾವಾಗಲೂ ಹೀಗೇ ಬೀಳುತ್ತದೆ" ಎಂಬ ದೂರಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕಾರ್ಮಿಕ್ ಡೈಸ್ ಆಯ್ಕೆಯನ್ನು ಆಫ್ ಮಾಡಿ ಪರೀಕ್ಷಿಸಿ. ಅದು ಮೊದಲಿನಿಂದಲೇ ಚಾಲೂ ಇರುತ್ತದೆ, ಸತತ ಅದೃಷ್ಟ-ದುರದೃಷ್ಟಗಳನ್ನು ತಿದ್ದುತ್ತದೆ.

ಬಿಲ್ಲುಬಾಣ:
ಲಾಗ್ ನೋಡಿದೆ. +2 ಎಲ್ಲ ಕಡೆಯೂ ಇದೆ, ಒಂದು ಮುರಿದ ಗೋಡೆಯ ಮೇಲೆ ನಿಂತಾಗ ಮಾತ್ರ ಇಲ್ಲ. ಸೇವ್ ಮತ್ತು ಲಾಗ್‌ನ ಸ್ಕ್ರೀನ್‌ಶಾಟ್ ಸೇರಿಸಿ ವರದಿ ಕಳಿಸುತ್ತಿದ್ದೇನೆ.