ಕರೆಂಟು, ನಲ್ಲಿ ಇಲ್ಲದ ಕಡೆ ಆರ್‌ವಿ (ಮನೆಯಂಥ ಗಾಡಿ) ನಿಲ್ಲಿಸಬೇಕು: ಮೊದಲು ಏನು ಕೊಳ್ಳಲಿ?

ಹೊಸಗಾಲಿ:
ಆರ್‌ವಿ ತಗೊಂಡು ಒಂದು ವರ್ಷ ಆಯಿತು. ಇಲ್ಲಿಯವರೆಗೆ ಕರೆಂಟು, ನೀರು, ಡ್ರೇನೇಜ್ ಮೂರೂ ಇರುವ ಕ್ಯಾಂಪ್‌ಗ್ರೌಂಡ್ ಬಿಟ್ಟು ಬೇರೆಲ್ಲೂ ನಿಂತಿಲ್ಲ. ಈಗ ಇವ್ಯಾವುದೂ ಇಲ್ಲದ ಕಡೆ ಮೂರ್ನಾಲ್ಕು ರಾತ್ರಿ ಕಳೆಯುವ ಆಸೆ. ಇರುವುದು ಒಂದೇ 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿ. ಸೋಲಾರ್ ಹಾಕಿಸಲಾ, ಜನರೇಟರ್ ತಗೊಳ್ಳಲಾ, ಲಿಥಿಯಂ ಬ್ಯಾಟರಿಗೆ ಹೋಗಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಟ್ಟು ಹೋಗಿದೆ.

ಹಳೇಟೈರ್:
ಸದ್ಯಕ್ಕೆ ಯಾವುದೂ ಬೇಡ. ಈಗ ಹೋಗುವ ಕ್ಯಾಂಪ್‌ಗ್ರೌಂಡಿಗೇ ಹೋಗಿ, ಆದರೆ ಕೇಬಲ್ ಚುಚ್ಚಬೇಡಿ, ಪೈಪ್ ಹಾಕಬೇಡಿ. ನೀರಿನ ಟ್ಯಾಂಕ್ ತುಂಬಿಸಿಕೊಂಡು ಎರಡು ರಾತ್ರಿ ಹಾಗೇ ಇರಿ. ಏನಾದರೂ ಕೈ ಕೊಟ್ಟರೆ ಪ್ಲಗ್ ಪಕ್ಕದಲ್ಲೇ ಇರುತ್ತದೆ ಅಲ್ವಾ. ಯಾವುದು ಮೊದಲು ಮುಗಿಯಿತು ಅಂತ ಬರೆದಿಟ್ಟುಕೊಳ್ಳಿ, ಅದಕ್ಕೆ ಮಾತ್ರ ದುಡ್ಡು ಹಾಕಿ.

ನಾವು ಉಲ್ಟಾ ಮಾಡಿದೆವು. ಮೊದಲು ಸೋಲಾರ್ ಪ್ಯಾನೆಲ್ ಹಾಕಿಸಿ ಜಂಬದಿಂದ ಹೊರಟೆವು, ಎರಡನೇ ದಿನ ಸಂಜೆ ಬ್ಯಾಟರಿ ತುಂಬಿತ್ತು, ಆದರೆ ಬಚ್ಚಲಲ್ಲಿ ಅಡುಗೆಮನೆಯ ಕೊಳೆನೀರು ಉಕ್ಕಿ ಬಂದಿತ್ತು. ಗ್ರೇ ಟ್ಯಾಂಕ್, ಅಂದರೆ ಸಿಂಕು, ಬಚ್ಚಲಿನ ಕೊಳೆನೀರು ಸೇರುವ ಟ್ಯಾಂಕ್, ಭರ್ತಿ! ಅಂದಿನಿಂದ ಪಾತ್ರೆಗೆ ಬೇಸಿನ್, ಸ್ನಾನಕ್ಕೆ ಮೈ ಒದ್ದೆ ಮಾಡಿ ಶವರ್ ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳುವುದು. ಅಷ್ಟರಿಂದಲೇ ಎರಡು ದಿನ ಜಾಸ್ತಿ ಸಿಕ್ಕಿತು.

ವೋಲ್ಟ್‌ಮೀಟರ್:
ಮೇಲಿನ ಮಾತು ಸರಿ, ಆದರೆ ಬ್ಯಾಟರಿ ಲೆಕ್ಕ ಮೊದಲೇ ಗೊತ್ತಿರಲಿ. ಲೆಡ್ ಆ್ಯಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಹಾಳಾಗುತ್ತದೆ, ಹಾಗಾಗಿ ನಿಮ್ಮ ಕೈಗೆ ಸಿಗುವುದು 50 ಆಂಪಿಯರ್-ಅವರ್ ಅಷ್ಟೇ. ಏನೂ ಓಡದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.7 ವೋಲ್ಟ್ ಇದ್ದರೆ ತುಂಬಿದೆ, 12.1ರ ಹತ್ತಿರ ಬಂದರೆ ಅರ್ಧ ಮುಗಿದಿದೆ. ಎಸಿ ಮರೆತುಬಿಡಿ. ಎಲ್ಲರೂ ಲೈಟಿನ ಬಗ್ಗೆ ಚಿಂತೆ ಮಾಡುತ್ತಾರೆ, ಎಲ್‌ಇಡಿ ಆದರೆ ಅದು ಲೆಕ್ಕಕ್ಕೇ ಇಲ್ಲ. ನಿಜವಾದ ಕಳ್ಳ ಹೀಟರ್. ಗ್ಯಾಸಲ್ಲಿ ಉರಿದರೂ ಅದರ ಫ್ಯಾನ್ 7 ಆಂಪಿಯರ್‌ನಷ್ಟು ಎಳೆಯಬಹುದು, ಚಳಿ ರಾತ್ರಿ ಒಟ್ಟು ಆರು ಗಂಟೆ ಓಡಿದರೆ 42 ಆಂಪಿಯರ್-ಅವರ್ ಹೋಯಿತು. ದಪ್ಪ ರಗ್ಗು ಹೊದ್ದು ಹೀಟರ್ ಕಡಿಮೆ ಮಾಡಿ. ಇನ್ವರ್ಟರ್ ಕೂಡ ಸುಮ್ನೆ ಆನ್ ಇದ್ದರೂ ಕರೆಂಟು ತಿನ್ನುತ್ತದೆ.

ಹೊಸಗಾಲಿ:
ಹೀಟರ್ ವಿಷಯ ಗೊತ್ತೇ ಇರಲಿಲ್ಲ! ರಾತ್ರಿ ಬದಲಿಗೆ ಗ್ಯಾಸ್ ಸ್ಟೌ ಹಚ್ಚಿಟ್ಟರೆ? ಫ್ರಿಜ್ ಕಥೆ ಏನು?

ಹಳೇಟೈರ್:
ಸ್ಟೌ ಖಂಡಿತ ಬೇಡ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಅದನ್ನು ಪತ್ತೆ ಹಚ್ಚುವ ಡಿಟೆಕ್ಟರ್ ಕೆಲಸ ಮಾಡುತ್ತಿದೆಯಾ ಇವತ್ತೇ ಬಟನ್ ಒತ್ತಿ ನೋಡಿ. ಫ್ರಿಜ್ ಗ್ಯಾಸಲ್ಲೂ ಓಡುವ ಥರದ್ದಾದರೆ ಗ್ಯಾಸಿಗೆ ಹಾಕಿ, ಬ್ಯಾಟರಿ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಆದರೆ ಗಾಡಿ ಮಟ್ಟವಾಗಿ ನಿಂತಿರಬೇಕು. ಓರೆ ನಿಲ್ಲಿಸಿ ಓಡಿಸಿದರೆ ಸರಿಯಾಗಿ ತಣ್ಣಗಾಗುವುದಿಲ್ಲ, ಫ್ರಿಜ್ಜೂ ಕೆಡುತ್ತದೆ.